ಸೂಪರ್‌ಕಾರಿನ ಆತ್ಮ: ಒಂದು ಖಂಡನೆ

ಇಟಲಿಯ ಸೂಪರ್‌ಕಾರುಗಳನ್ನು ಓಡಿಸಿ ನೋಡಿದವರ ಬರಹಗಳಲ್ಲಿ ಒಂದು ತೀರ್ಪು ತಪ್ಪದೆ ಕಾಣಿಸಿಕೊಳ್ಳುತ್ತದೆ. ಪೋರ್ಶೆ ಅಚ್ಚುಕಟ್ಟು, ಹೋಂಡಾ ನಂಬಿಗಸ್ಥ, ಮೆಕ್‌ಲಾರೆನ್ ಚುರುಕು. ಆದರೆ ಆತ್ಮವೆಂಬುದು ಇರುವುದು ಫೆರಾರಿಯಲ್ಲಿ, ಲ್ಯಾಂಬೋರ್ಗಿನಿಯಲ್ಲಿ. ಮೊಡೆನಾ, ಬೊಲೊನ್ಯಾ ನಗರಗಳ ಆಸುಪಾಸಿನ ಮರನೆಲ್ಲೊ ಮತ್ತು ಸಾಂತಾಗಾತ ಎಂಬ ಎರಡು ಸಣ್ಣ ಊರುಗಳಲ್ಲಿ ತಯಾರಾಗುವ ಈ ಕಾರುಗಳಿಗೆ ಬೇರೆಲ್ಲೂ ಸಿಗದ ಜೀವವಿದೆ, ಅದು ಅಳತೆಗೆ ನಿಲುಕದು, ಸ್ಟೀರಿಂಗ್ ಹಿಡಿದವನಿಗಷ್ಟೇ ಗೊತ್ತು ಎಂಬುದು ಈ ಮತ. ಮೋಟಾರು ಪತ್ರಿಕೆಗಳು, ಟೆಲಿವಿಷನ್ ಕಾರ್ಯಕ್ರಮಗಳು, ಹಳೆಯ ಕಾರುಗಳ ಸಂಗ್ರಾಹಕರು, ಹರಾಜು ಸಂಸ್ಥೆಗಳು ಎಲ್ಲರೂ ಇದನ್ನು ಒಪ್ಪಿ ಕೂತಿದ್ದಾರೆ. ಮತ ತಪ್ಪು. ಓಡಿಸುವಾಗ ಆಗುವ ಅನುಭವ ಸುಳ್ಳಲ್ಲ. ಆ ಅನುಭವದಿಂದ ಕಾರಿನ ಬಗ್ಗೆ ತೆಗೆಯುವ ತೀರ್ಮಾನ ಸುಳ್ಳು.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದಲ್ಲೇ ಇಡುವುದು ನ್ಯಾಯ. ಅಭಿಮಾನಿಗಳು ಹೇಳುವುದು ಹೀಗೆ: ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಇಟಾಲಿಯನ್ ಕಾರಿನಲ್ಲಿ ರಸ್ತೆಯ ಪ್ರತಿ ತರಿಯೂ ಅಂಗೈಗೆ ತಿಳಿಯುತ್ತದೆ. ಲೋಹದ ಪಟ್ಟಿಯ ಸೀಳುಗಳ ನಡುವೆ ಗೇರುಕೋಲು ಟಕ್ಕೆಂದು ಕೂರುವ ಸದ್ದಿಗೆ ಸಾಟಿಯಿಲ್ಲ. ಬೆನ್ನ ಹಿಂದೆ ಮೊರೆಯುವ ವಿ12 ಸದ್ದು ಎದೆಯೊಳಗೆ ಇಳಿಯುತ್ತದೆ. ಕಾರು ಸುಲಭವಾಗಿ ಒಲಿಯುವುದಿಲ್ಲ, ಚಾಲಕನಿಂದ ಮರ್ಯಾದೆ ಕೇಳುತ್ತದೆ, ತಪ್ಪಿದವನನ್ನು ಶಿಕ್ಷಿಸುತ್ತದೆ. ಕೊನೆಯ ಮಾತೇ ಮುಖ್ಯವಾದದ್ದು: ದೋಷಗಳು ಆ ಆತ್ಮದ ಅಂಗಗಳು, ಅವನ್ನು ತೆಗೆದರೆ ಆತ್ಮವೂ ಹೋಗುತ್ತದೆ. ಇದರ ಬೆನ್ನಿಗೇ ಒಂದು ಶೋಕಗೀತೆಯೂ ಇದೆ. 1998ರಲ್ಲಿ ಲ್ಯಾಂಬೋರ್ಗಿನಿ ಜರ್ಮನಿಯ ಆಡಿ ಕಂಪನಿಯ ಕೈಗೆ ಹೋಯಿತು, ಫೆರಾರಿಗೆ ಕಂಪ್ಯೂಟರು ಬಂತು, ಕೈಗೇರು ಹೋಯಿತು, ಅಲ್ಲಿಗೆ ಕತೆ ಮುಗಿಯಿತು.

ಈ ಮತ ಹುಟ್ಟಿ ಬೆಳೆದದ್ದು ಬಹುಪಾಲು ಲ್ಯಾಂಬೋರ್ಗಿನಿ ಕೌಂಟಾಚ್‌ನ ಸುತ್ತ. 1971ರ ಜಿನೀವಾ ಪ್ರದರ್ಶನದಲ್ಲಿ ಮಾದರಿಯಾಗಿ ಕಾಣಿಸಿಕೊಂಡು, 1974ರಿಂದ 1990ರವರೆಗೆ ತಯಾರಾದ ಈ ಕಾರು ಎರಡು ತಲೆಮಾರಿನ ಹುಡುಗರ ಕೋಣೆಯ ಗೋಡೆಯ ಮೇಲೆ ಪೋಸ್ಟರಾಗಿ ನಿಂತಿತ್ತು. ಅದನ್ನು ಓಡಿಸುವುದೆಂದರೆ ಏನು? ಕಾರಿನ ಎತ್ತರ ಸುಮಾರು 1.07 ಮೀಟರ್. ಕತ್ತರಿಯಂತೆ ಮೇಲಕ್ಕೇಳುವ ಬಾಗಿಲು ತೆರೆದು, ಅಗಲವಾದ ಹೊಸಿಲನ್ನು ದಾಟಿ ಒಳಗೆ ಜಾರಬೇಕು. ಮುಂಚಕ್ರಗಳ ಕಮಾನು ಕಾಲಿನ ಜಾಗಕ್ಕೆ ನುಗ್ಗಿರುವುದರಿಂದ ಪೆಡಲ್‌ಗಳು ಒಂದು ಬದಿಗೆ ಸರಿದಿವೆ. ಸೊಂಟ ಒಂದು ದಿಕ್ಕಿಗೆ, ಪಾದ ಇನ್ನೊಂದು ದಿಕ್ಕಿಗೆ. ಕ್ಲಚ್ ಒತ್ತಲು ತೊಡೆಯ ಬಲವೆಲ್ಲ ಬೇಕು. ನಿಧಾನದ ವೇಗದಲ್ಲಿ ಸ್ಟೀರಿಂಗ್ ತಿರುಗಿಸಲು ಭುಜ ಬೇಕು. ಪಕ್ಕದ ಗಾಜು ಒಂದು ಸೀಳಿನಷ್ಟೇ ತೆರೆಯುತ್ತದೆ, ಎಂಜಿನ್ನಿನ ಬಿಸಿ ಒಳಗೇ ಉಳಿಯುತ್ತದೆ. ಹಿಂದಕ್ಕೆ ಏನೂ ಕಾಣುವುದಿಲ್ಲ. ಹಿಮ್ಮುಖವಾಗಿ ಓಡಿಸಬೇಕಾದರೆ ಬಾಗಿಲು ಎತ್ತಿ, ಹೊಸಿಲ ಮೇಲೆ ಕುಳಿತು, ದೇಹವನ್ನು ಹೊರಕ್ಕೆ ಚಾಚಿ ನೋಡುತ್ತ ಬಿಡುವುದು ರೂಢಿ. ಈ ಭಂಗಿಯ ಫೋಟೊ ಈಗಲೂ ಅಭಿಮಾನಿಗಳಿಗೆ ಪೂಜಾರ್ಹ. ಬೇರೆ ಯಾವುದೇ ಕಾರಿನಲ್ಲಿ ಹಿಂದೆ ಕಾಣದಿದ್ದರೆ ಅದನ್ನು ವಿನ್ಯಾಸದ ಸೋಲು ಎಂದು ಬರೆಯುತ್ತಿದ್ದರು, ಇಲ್ಲಿ ಅದು ವ್ಯಕ್ತಿತ್ವ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಕ್ಕು ಬಿಡಬಹುದಿತ್ತು. ಆದರೆ ಇಲ್ಲಿ ಮುದ್ದು ಮಾಡುತ್ತಿರುವವರು ಹೆತ್ತವರಲ್ಲ.

ಹೆತ್ತವರು ಮಾಡಿದ್ದು ಬೇರೆಯದನ್ನು. ಕೌಂಟಾಚ್‌ಗಿಂತ ಹಿಂದಿನ ಮಿಯೂರಾ 1966ರಲ್ಲಿ ಬಂದಿತ್ತು. ಜಾನ್‌ಪಾವ್ಲೊ ದಲ್ಲಾರಾ, ಪಾವ್ಲೊ ಸ್ತಾನ್ಜಾನಿ ಎಂಬ ಇಬ್ಬರು ಯುವ ಎಂಜಿನಿಯರುಗಳು ಮತ್ತು ನ್ಯೂಜಿಲೆಂಡಿನಿಂದ ಬಂದು ಪರೀಕ್ಷಾ ಚಾಲಕನಾಗಿದ್ದ ಬಾಬ್ ವಾಲೇಸ್ ಅದನ್ನು ಕಟ್ಟಿದರು. ಮೈಯನ್ನು ರೂಪಿಸಿದವರು ಬೆರ್ತೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿ. 3,929 ಸಿಸಿಯ ವಿ12 ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕೂರಿಸಿದ್ದರು. ಜಾಗ ಉಳಿಸಲು ಎಂಜಿನ್ನಿಗೂ ಗೇರುಪೆಟ್ಟಿಗೆಗೂ ಒಂದೇ ಎಣ್ಣೆ. ಗೇರಿನ ಹಲ್ಲಿನಿಂದ ಉದುರಿದ ಲೋಹದ ಚೂರು ಎಂಜಿನ್ನಿನ ಬೇರಿಂಗಿಗೆ ಹೋಗುವ ಅಪಾಯವಿತ್ತು. ಪೆಟ್ರೋಲ್ ಟ್ಯಾಂಕು ಮುಂದೆ ಇದ್ದುದರಿಂದ ಪೆಟ್ರೋಲು ಖಾಲಿಯಾದಂತೆ ಮೂತಿ ಹಗುರಾಗಿ, ಹೆಚ್ಚಿನ ವೇಗದಲ್ಲಿ ಮೇಲಕ್ಕೆ ಏಳುತ್ತಿತ್ತು. ರೇಸಿನ ಜಾತಿಯ ವೆಬರ್ ಕಾರ್ಬ್ಯುರೇಟರ್‌ಗಳಿಂದ ಇಂಧನ ತೊಟ್ಟಿಕ್ಕಿ ಬೆಂಕಿ ಹತ್ತಿದ ಮಿಯೂರಾಗಳು ಒಂದೆರಡಲ್ಲ. ಮೂತಿ ಹಗುರಾದಾಗ ಚಾಲಕನ ಹೊಟ್ಟೆಯಲ್ಲಿ ಆಗುವ ತಳಮಳವನ್ನು ಇಂದಿನ ಬರಹಗಾರರು ಮಿಯೂರಾದ ಜೀವಂತಿಕೆ ಎನ್ನುತ್ತಾರೆ. ಅದನ್ನು ಕಟ್ಟಿದವರಿಗೆ ಅದು ಪರಿಹಾರ ಬೇಡುವ ತಾಪತ್ರಯವಾಗಿತ್ತು. 1971ರ ಎಸ್‌ವಿ ಮಾದರಿಯಲ್ಲಿ ಹಿಂಬದಿಯ ಸಸ್ಪೆನ್ಷನ್ ಬದಲಾಯಿತು, ಕೊನೆಯ ಕೆಲವು ಕಾರುಗಳಲ್ಲಿ ಎಣ್ಣೆಯೂ ಬೇರೆಬೇರೆಯಾಯಿತು.

ದಲ್ಲಾರಾ ಹೊರಟುಹೋದ ಮೇಲೆ ತಾಂತ್ರಿಕ ಹೊಣೆ ಹೊತ್ತ ಸ್ತಾನ್ಜಾನಿ, ಕೌಂಟಾಚ್‌ನಲ್ಲಿ ಇಡೀ ಜೋಡಣೆಯನ್ನೇ ತಿರುಗಿಸಿದರು. ಎಂಜಿನ್ ಉದ್ದಕ್ಕೆ ಮಲಗಿತು, ಗೇರುಪೆಟ್ಟಿಗೆ ಅದರ ಮುಂದೆ ಎರಡು ಸೀಟುಗಳ ನಡುವೆ ಬಂತು, ಶಕ್ತಿ ಎಂಜಿನ್ನಿನ ತಳದೊಳಗೆ ಸಾಗುವ ದಂಡದ ಮೂಲಕ ಹಿಂಚಕ್ರಕ್ಕೆ ಹೋಯಿತು. ಭಾರ ಕಾರಿನ ನಡುವಿಗೆ ಸರಿಯಿತು. ಗೇರುಕೋಲು ನೇರವಾಗಿ ಪೆಟ್ಟಿಗೆಯ ಮೇಲೆಯೇ ಇರುವುದರಿಂದ ಉದ್ದದ ಸರಳುಗಳ ಸಡಿಲ ಇಲ್ಲವಾಯಿತು. ಕೌಂಟಾಚ್‌ನ ಗೇರು ಬದಲಾವಣೆಯನ್ನು ಹೊಗಳುವವರು ನಿಜವಾಗಿ ಹೊಗಳಬೇಕಾದದ್ದು ಈ ಯುಕ್ತಿಯನ್ನು. ಅದು ಒಬ್ಬ ಮನುಷ್ಯನ ನಕಾಶೆಯಲ್ಲಿ ಹುಟ್ಟಿದ್ದು, ಈ ಊರುಗಳಿರುವ ಎಮಿಲಿಯಾ ಪ್ರಾಂತದ ಗಾಳಿಯಲ್ಲಲ್ಲ. ಆತ್ಮದ ಮಾತಿನಿಂದ ಆಗುವ ದೊಡ್ಡ ಅನ್ಯಾಯ ಇದೇ: ಒಳ್ಳೆಯದನ್ನು ಮಾಡಿದವನ ಹೆಸರು ಅಳಿಸಿಹೋಗುತ್ತದೆ, ಕೆಟ್ಟದ್ದಕ್ಕೆ ಪೂಜೆ ಸಲ್ಲುತ್ತದೆ. ಕಂಪನಿಯ ಸ್ಥಾಪಕ ಫೆರುಚ್ಚೊ ಲ್ಯಾಂಬೋರ್ಗಿನಿ ಕೂಡ 1963ರಲ್ಲಿ ಹೊರಟಿದ್ದು ರೊಚ್ಚಿನ ಕಾರು ಮಾಡಲಿಕ್ಕಲ್ಲ. ಟ್ರ್ಯಾಕ್ಟರ್ ಮಾಡಿ ಹಣ ಗಳಿಸಿದ್ದ ಆತನಿಗೆ ಬೇಕಾಗಿದ್ದುದು ದೂರದ ಪ್ರಯಾಣಕ್ಕೆ ಒದಗುವ, ತೊಂದರೆ ಕೊಡದ, ಆರಾಮದ ಕಾರು. ಇಂದು ಆತನ ಹೆಸರಿನಲ್ಲಿ ನಡೆಯುವ ಆರಾಧನೆ ಆತನ ಉದ್ದೇಶಕ್ಕೇ ವಿರುದ್ಧ.

ಕೌಂಟಾಚ್‌ನ ಮುಂದಿನ ಚರಿತ್ರೆ ಈ ಆರಾಧನೆ ಕಾರನ್ನು ಹೇಗೆ ಕೆಡಿಸಿತೆಂಬುದಕ್ಕೂ ಸಾಕ್ಷಿ. ಮೊದಲ ಎಲ್‌ಪಿ400 ಸ್ವಚ್ಛ ಗೆರೆಗಳ, ತುಲನೆಯಲ್ಲಿ ಹಗುರವಾದ ಕಾರು. 1978ರ ಎಲ್‌ಪಿ400ಎಸ್‌ಗೆ 345 ಮಿ.ಮೀ. ಅಗಲದ ಹಿಂದಿನ ಟೈರುಗಳು, ಅವನ್ನು ಮುಚ್ಚುವ ಅಗಲ ಕಮಾನುಗಳು ಬಂದವು. ಶಕ್ತಿ ಹೆಚ್ಚುವ ಬದಲು ತುಸು ಇಳಿಯಿತು, ಗರಿಷ್ಠ ವೇಗವೂ ಇಳಿಯಿತು. ಬೇಕೆಂದವರಿಗೆ ಹಿಂದೆ ಒಂದು ದೊಡ್ಡ ರೆಕ್ಕೆ. ಅದು ಗಾಳಿಯ ತಡೆಯನ್ನು ಹೆಚ್ಚಿಸಿ ಕಾರನ್ನು ಮತ್ತಷ್ಟು ನಿಧಾನಗೊಳಿಸಿತು. ಆದರೂ ಗೋಡೆಯ ಮೇಲೆ ಅಂಟಿದ್ದು ರೆಕ್ಕೆಯಿದ್ದ ಕಾರಿನ ಚಿತ್ರವೇ, ಗಿರಾಕಿಗಳು ಕೇಳಿದ್ದೂ ಅದನ್ನೇ.

ವೇಗದ ಮಾತು ಬಂದಾಗ ಪೂರ್ವಪಕ್ಷದ ಇನ್ನೊಂದು ಜಾರುವಿಕೆ ಕಾಣುತ್ತದೆ. 1970ರ ದಶಕದಲ್ಲಿ ಫೆರಾರಿಯ ಬರ್ಲಿನೆಟಾ ಬಾಕ್ಸರ್ ಮತ್ತು ಕೌಂಟಾಚ್ ನಡುವೆ ಗಂಟೆಗೆ 300 ಕಿ.ಮೀ. ದಾಟುವ ಅಂಕಿಯ ಪೈಪೋಟಿ ನಡೆದಿತ್ತು. ಎರಡೂ ಕಾರ್ಖಾನೆಗಳು 300ಕ್ಕೂ ಮೀರಿದ ವೇಗ ಘೋಷಿಸಿದವು, ಪತ್ರಿಕೆಗಳು ಸ್ವತಂತ್ರವಾಗಿ ಅಳೆದಾಗ ಮುಳ್ಳು ಅಲ್ಲಿಗೆ ಏರಲಿಲ್ಲ. ಆದರೂ ಆಗ ಅಭಿಮಾನಿಗಳಿಗೆ ಅಂಕಿಯೇ ಪ್ರಮಾಣ. ಇಟಲಿಯ ಕಾರು ಶ್ರೇಷ್ಠ, ಯಾಕೆಂದರೆ ಅದು ಎಲ್ಲಕ್ಕಿಂತ ವೇಗ. ಈಗ ಬ್ಯಾಟರಿಯಿಂದ ಓಡುವ ನಾಲ್ಕು ಬಾಗಿಲಿನ ಸೆಡಾನ್ ಒಂದು, ಮಕ್ಕಳನ್ನು ಹಿಂದೆ ಕೂರಿಸಿಕೊಂಡೇ, ಆ ಕಾಲದ ಯಾವ ಸೂಪರ್‌ಕಾರನ್ನೂ ಸಿಗ್ನಲ್‌ನಲ್ಲಿ ಬಿಟ್ಟು ಹೋಗಬಲ್ಲದು. ಆ ಕೂಡಲೇ ಅಂಕಿ ಅಮುಖ್ಯವಾಯಿತು, ಅನುಭೂತಿ ಮುಖ್ಯವಾಯಿತು. ಗೆಲ್ಲುವಾಗ ಒಂದು ಅಳತೆಗೋಲು, ಸೋಲುವಾಗ ಇನ್ನೊಂದು; ಇಂಥ ವಾದವನ್ನು ಯಾವ ಪುರಾವೆಯೂ ಮುಟ್ಟಲಾರದು, ಅದೇ ಅದರ ಮೊದಲ ದೌರ್ಬಲ್ಯ.

ಅನುಭೂತಿ ಎಲ್ಲಿಂದ ಬರುತ್ತದೆ ಎಂದೂ ಕೇಳಬೇಕು. ಇನ್ನೊಬ್ಬರ ಕೋಟ್ಯಂತರ ಬೆಲೆಯ ವಸ್ತುವನ್ನು, ಹಿಂದೆ ಕಾಣದೆ, ಕಾಲು ಓರೆಯಾಗಿ, ಬೆವರುತ್ತ, ಕಿವಿ ತುಂಬುವ ಸದ್ದಿನಲ್ಲಿ ಓಡಿಸುವವನ ಎದೆ ಹೊಡೆದುಕೊಳ್ಳುವುದು ಸಹಜ. ಆ ಹೊಡೆತಕ್ಕೆ ಮನಸ್ಸು ಒಂದು ಕಾರಣ ಹುಡುಕುತ್ತದೆ. 1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬ ಮನೋವಿಜ್ಞಾನಿಗಳು ಕೆನಡಾದ ಕಪಿಲಾನೊ ಕಣಿವೆಯ ತೂಗುಸೇತುವೆಯ ಮೇಲೆ ಮಾಡಿದ ಪ್ರಯೋಗ ಪ್ರಸಿದ್ಧ: ತೂಗಾಡುವ ಎತ್ತರದ ಸೇತುವೆಯ ಮೇಲೆ ಯುವತಿಯೊಬ್ಬಳನ್ನು ಭೇಟಿಯಾದ ಗಂಡಸರು, ಗಟ್ಟಿ ಸೇತುವೆಯ ಮೇಲೆ ಭೇಟಿಯಾದವರಿಗಿಂತ ಹೆಚ್ಚಾಗಿ ಆಕೆಗೆ ಆಮೇಲೆ ಫೋನ್ ಮಾಡಿದರು. ಭಯದ ಎದೆಬಡಿತವನ್ನು ಅವರು ಆಕರ್ಷಣೆಯೆಂದು ಓದಿಕೊಂಡರೆಂಬುದು ಸಂಶೋಧಕರ ವ್ಯಾಖ್ಯಾನ. ಒಂದೇ ಪ್ರಯೋಗದ ಮೇಲೆ ಸಿದ್ಧಾಂತ ಕಟ್ಟಬೇಕಿಲ್ಲ. ಆದರೆ ಭಯ, ಸೆಕೆ, ಸದ್ದು ಮೂರನ್ನೂ ಧಾರಾಳವಾಗಿ ಕೊಡುವ ಯಂತ್ರದಿಂದ ಇಳಿದು ಬಂದವನು ಪ್ರೇಮಪತ್ರ ಬರೆದರೆ, ಅದರಲ್ಲಿ ಯಂತ್ರದ ಪಾಲೆಷ್ಟು, ಎದೆಬಡಿತದ ಪಾಲೆಷ್ಟು ಎಂದು ಕೇಳುವುದು ಅತಿಯಲ್ಲ.

ಪೂರ್ವಪಕ್ಷದ ಅತ್ಯಂತ ಬಲವಾದ ಸಾಕ್ಷಿ ಫೆರಾರಿ ಎಫ್40. ಕಂಪನಿಯ 40ನೆಯ ವರ್ಷಕ್ಕೆಂದು 1987ರಲ್ಲಿ, ಎಂಜೊ ಫೆರಾರಿ ತೀರಿಕೊಳ್ಳುವ ಹಿಂದಿನ ವರ್ಷ, ಹೊರಬಂದ ಕಾರಿದು. 2,936 ಸಿಸಿಯ ವಿ8, ಎರಡು ಟರ್ಬೊ, 478 ಅಶ್ವಶಕ್ತಿ, ಘೋಷಿತ ವೇಗ ಗಂಟೆಗೆ 324 ಕಿ.ಮೀ., ದ್ರವಗಳಿಲ್ಲದ ತೂಕ 1,100 ಕೆ.ಜಿ. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕಿಗೆ ಸರ್ವೊ ಇಲ್ಲ, ಎಬಿಎಸ್ ಇಲ್ಲ, ಕಾರ್ಪೆಟ್ ಇಲ್ಲ; ಬಾಗಿಲಿನ ಒಳಗೆ ಹಿಡಿಕೆಯ ಬದಲು ಎಳೆಯುವ ತಂತಿ. ಇದನ್ನು ಓಡಿಸಿದವರು ಸ್ಟೀರಿಂಗ್ ಮಾತಾಡುತ್ತದೆ ಎನ್ನುತ್ತಾರೆ, ಮತ್ತು ಇಲ್ಲಿ ಅವರು ಹೇಳುವುದರಲ್ಲಿ ಹುರುಳಿದೆ. ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಪಾರ್ಶ್ವಬಲ, ಟೈರು ನೆಲವನ್ನು ಮುಟ್ಟುವ ಭಾಗದ ನಡುವಿಗಿಂತ ತುಸು ಹಿಂದೆ ಕೆಲಸ ಮಾಡುತ್ತದೆ. ಆದ್ದರಿಂದ ಚಕ್ರ ತಾನಾಗಿ ನೇರವಾಗಲು ಎಳೆಯುತ್ತದೆ, ಆ ಎಳೆತ ಚಾಲಕನ ಕೈಗೆ ಬರುತ್ತದೆ. ಹಿಡಿತದ ಮಿತಿ ಹತ್ತಿರವಾದಂತೆ ಆ ಅಂತರ ಕುಗ್ಗಿ ಸ್ಟೀರಿಂಗ್ ಹಗುರಾಗುತ್ತದೆ. ಟೈರು ಜಾರುವ ಮುನ್ನವೇ ಕೈಗೆ ಸುದ್ದಿ ಮುಟ್ಟುತ್ತದೆ. ನಡುವೆ ಪಂಪು, ಮೋಟಾರುಗಳ ಸಹಾಯವಿಲ್ಲದಿದ್ದರೆ ಈ ಸುದ್ದಿ ಮಸುಕಾಗದೆ ತಲುಪುತ್ತದೆ. ಮುಂಭಾಗ ಹಗುರವಾಗಿದ್ದರೆ ಸಹಾಯದ ಅಗತ್ಯವೂ ಇಲ್ಲ.

ಎಂದರೆ ಗುಣವಿದೆ, ಅದಕ್ಕೆ ಕಾರಣವಿದೆ, ಕಾರಣವನ್ನು ನಕಾಶೆಯಲ್ಲಿ ಬರೆದು ತೋರಿಸಬಹುದು. ಅದು ಇಟಲಿಯ ಸೊತ್ತೂ ಅಲ್ಲ. ಇಂಗ್ಲೆಂಡಿನ ಲೋಟಸ್ 1996ರಲ್ಲಿ ತಂದ ಎಲೀಸ್ ಅಂಟಿನಿಂದ ಜೋಡಿಸಿದ ಅಲ್ಯುಮಿನಿಯಂ ಚೌಕಟ್ಟು, ರೋವರ್ ಕಂಪನಿಯ ಸಾಧಾರಣ 1.8 ಲೀಟರ್ ಎಂಜಿನ್ ಇದ್ದ ಸಣ್ಣ ಕಾರು. ಅದರ ಸ್ಟೀರಿಂಗಿನ ಬಗ್ಗೆ ಬರೆದವರೂ ಇವೇ ಮಾತುಗಳನ್ನು ಬಳಸಿದರು. ಎಫ್40ರ ಬರಿಮೈಗೂ ಲೌಕಿಕ ಕಾರಣವಿದೆ. ಅದು 288 ಜಿಟಿಒ ಎವೊಲೂತ್ಸಿಯೋನೆ ಎಂಬ ಸ್ಪರ್ಧೆಯ ಕಾರಿನಿಂದ ಬಂದದ್ದು. ಆ ಕಾರನ್ನು ಸಿದ್ಧಪಡಿಸಿದ್ದ ಗ್ರೂಪ್ ಬಿ ವರ್ಗವೇ 1986ರಲ್ಲಿ ರದ್ದಾದಾಗ, ಕೈಯಲ್ಲಿ ಉಳಿದ ತಂತ್ರವನ್ನು ರಸ್ತೆಯ ಕಾರಿಗೆ ತಿರುಗಿಸಿದರು. ಅದರ ಮುಖ್ಯ ಎಂಜಿನಿಯರ್ ನಿಕೊಲಾ ಮತೆರಾಜ್ಜಿ ಟರ್ಬೊದಲ್ಲಿ ನುರಿತವರು. ಕಡಿಮೆ ಸುತ್ತಿನಲ್ಲಿ ಎಂಜಿನ್ ಮಲಗಿದ್ದು, ಆಮೇಲೆ ಒಮ್ಮೆಲೇ ಒದೆಯುವುದನ್ನು ಅಭಿಮಾನಿಗಳು ಎಫ್40ರ ರೌದ್ರಾವತಾರವೆಂದು ವರ್ಣಿಸುತ್ತಾರೆ. ನಿಷ್ಕಾಸದ ಅನಿಲ ಟರ್ಬೈನನ್ನು ತಿರುಗಿಸಲು ತೆಗೆದುಕೊಳ್ಳುವ ಹೊತ್ತು ಅದು. ಅಂದಿನಿಂದ ಇಂದಿನವರೆಗೆ ಟರ್ಬೊ ಎಂಜಿನ್ನಿನ ಕೆಲಸವೆಲ್ಲ ಅದನ್ನು ಕಡಿಮೆ ಮಾಡುವುದಕ್ಕೇ ನಡೆದಿದೆ. ಆ ಕಾಲದಲ್ಲಿ ಎಫ್40ರ ಎದುರು ನಿಲ್ಲಿಸಿ ತಣ್ಣಗಿನ ಯಂತ್ರವೆಂದು ಹಳಿದ ಪೋರ್ಶೆ 959ರಲ್ಲಿ ನಾಲ್ಕು ಚಕ್ರಗಳಿಗೂ ಶಕ್ತಿ, ವೇಗಕ್ಕೆ ತಕ್ಕಂತೆ ಬದಲಾಗುವ ಸಸ್ಪೆನ್ಷನ್ ಇದ್ದವು. ಮುಂದೆ ಲ್ಯಾಂಬೋರ್ಗಿನಿ 1993ರ ಡಿಯಾಬ್ಲೊ ವಿಟಿಯಲ್ಲೂ ಫೆರಾರಿ 2011ರ ಎಫ್‌ಎಫ್‌ನಲ್ಲೂ ನಾಲ್ಕು ಚಕ್ರಗಳಿಗೆ ಶಕ್ತಿ ಕೊಟ್ಟವು. ಭವಿಷ್ಯ ಹೋದದ್ದು ಹಳಿಸಿಕೊಂಡ ಕಾರಿನ ದಾರಿಯಲ್ಲಿ.

ದೋಷವೂ ಆತ್ಮವೂ ಬೇರ್ಪಡಿಸಲಾಗದವು ಎಂಬ ಮಾತನ್ನು ಅನ್ವಯ–ವ್ಯತಿರೇಕದಿಂದ ಪರೀಕ್ಷಿಸಬಹುದು. ಪರೀಕ್ಷೆ 1990ರಲ್ಲೇ ನಡೆದುಹೋಯಿತು. ಹೋಂಡಾ ಕಂಪನಿ ಆ ವರ್ಷ ಎನ್‌ಎಸ್‌ಎಕ್ಸ್ ಮಾರುಕಟ್ಟೆಗೆ ತಂದಿತು. ಎಂಜಿನ್ ನಡುವೆ, ಇಡೀ ದೇಹ ಅಲ್ಯುಮಿನಿಯಂ, ಟೈಟಾನಿಯಂ ಕನೆಕ್ಟಿಂಗ್ ರಾಡುಗಳಿಂದ 8,000 ಸುತ್ತಿನವರೆಗೆ ಏರುವ ವಿ6. ತಯಾರಿಯ ಹಂತದಲ್ಲಿ ಸುಜುಕಾ ಟ್ರ್ಯಾಕಿನಲ್ಲಿ ಓಡಿಸಿ ಸಲಹೆ ಕೊಟ್ಟವರು ರೇಸ್ ಚಾಲಕ ಐರ್ಟನ್ ಸೆನ್ನಾ. ಎದುರಿಗಿಟ್ಟುಕೊಂಡಿದ್ದ ಮಾದರಿ ಫೆರಾರಿಯೇ. ಹಿಂದೆ ಚೆನ್ನಾಗಿ ಕಾಣುತ್ತಿತ್ತು, ಕ್ಲಚ್ ಹಗುರವಾಗಿತ್ತು, ಬೆಳಗಿನ ಚಳಿಯಲ್ಲೂ ಎರಡನೆಯ ಗೇರು ಬೀಳುತ್ತಿತ್ತು. (ಅದೇ ಕಾಲದ ಫೆರಾರಿಗಳಲ್ಲಿ ಎಣ್ಣೆ ಬಿಸಿಯಾಗುವ ತನಕ ಒಂದರಿಂದ ನೇರ ಮೂರಕ್ಕೆ ಹಾರುವುದು ಮಾಲೀಕರ ನಿತ್ಯವಿಧಿ, ಅದನ್ನು ಅವರು ಸಂಭ್ರಮದಿಂದಲೇ ಹೇಳಿಕೊಳ್ಳುತ್ತಾರೆ.) ಮೆಕ್‌ಲಾರೆನ್ ಎಫ್1 ಕಾರಿನ ವಿನ್ಯಾಸಕಾರ ಗೋರ್ಡನ್ ಮರ್ರಿ, ಎನ್‌ಎಸ್‌ಎಕ್ಸ್ ಓಡಿಸಿ ನೋಡಿದ ಮೇಲೆ ಅದನ್ನೇ ತಮ್ಮ ಕಾರಿಗೆ ಮಾನದಂಡವಾಗಿ ಇಟ್ಟುಕೊಂಡದ್ದನ್ನು ತಾವೇ ಬರೆದಿದ್ದಾರೆ. ಅಭಿಮಾನಿಗಳ ತೀರ್ಪು ಮಾತ್ರ ಬೇರೆ: ಎಲ್ಲ ಸರಿ, ಆದರೆ ಆತ್ಮವಿಲ್ಲ. ಎಲ್ಲಿ ಕಿರುಕುಳವಿತ್ತೋ ಅಲ್ಲಿ ಆತ್ಮ ಕಂಡಿತು, ಎಲ್ಲಿ ಕಿರುಕುಳ ಹೋಯಿತೋ ಅಲ್ಲಿ ಕಾಣದಾಯಿತು. ಇಷ್ಟೇ ಆಗಿದ್ದರೆ ಆತ್ಮವೆಂಬುದು ಕಿರುಕುಳದ ಇನ್ನೊಂದು ಹೆಸರು ಎಂದು ಸಿದ್ಧವಾಗುತ್ತಿತ್ತು.

ಆದರೆ ಆ ನಿಯಮವೂ ನಿಲ್ಲುವುದಿಲ್ಲ. 1989ರ ಫೆರಾರಿ 348ಕ್ಕೆ ಕಿರುಕುಳ ಸಾಕಷ್ಟಿತ್ತು, ಮಿತಿಯಲ್ಲಿ ಓಡಿಸಿದರೆ ತಟ್ಟನೆ ತಿರುಗಿಬೀಳುವ ಕುಖ್ಯಾತಿಯೂ ಇತ್ತು. 1991ರಲ್ಲಿ ಕಂಪನಿಯ ಅಧ್ಯಕ್ಷರಾಗಿ ಬಂದ ಲೂಕಾ ದಿ ಮೊಂತೆಜೆಮೊಲೊ, ತಾವು ಕೊಂಡ 348 ಸಿಗ್ನಲ್‌ನಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರಿಗೆ ಸೋತ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದವರು. 1994ರಲ್ಲಿ ಅದರ ಜಾಗಕ್ಕೆ ಬಂದ ಎಫ್355ರಲ್ಲಿ ಪ್ರತಿ ಸಿಲಿಂಡರಿಗೆ ಐದು ವಾಲ್ವ್, 380 ಅಶ್ವಶಕ್ತಿ, ಕೆಳಗಡೆ ಗಾಳಿಯನ್ನು ಸರಾಗವಾಗಿ ಹರಿಸುವ ಚಪ್ಪಟೆ ತಳ, ಮೇಲಾಗಿ ಪವರ್ ಸ್ಟೀರಿಂಗ್. ಓಡಿಸಲು ಎಷ್ಟೋ ಸುಲಭವಾದ ಈ ಕಾರನ್ನು ಅಭಿಮಾನಿಗಳು ಆತ್ಮವಿರುವ ಫೆರಾರಿಗಳ ಸಾಲಿನಲ್ಲೇ ಮುಂದೆ ಕೂರಿಸಿದರು. 348 ಎಷ್ಟೋ ಕಾಲ ಹಿಂದಿನ ಬೆಂಚಿನಲ್ಲಿ ಉಳಿಯಿತು. ಸುಧಾರಣೆ ಆತ್ಮವನ್ನು ಕೊಲ್ಲುತ್ತದೆ ಎಂಬ ಮಾತು ಇಲ್ಲಿ ಎಲ್ಲಿ ಹೋಯಿತು? ಜಪಾನಿನವರು ಮಾಡಿದರೆ ನಿರ್ಜೀವ, ಮರನೆಲ್ಲೊದವರು ಮಾಡಿದರೆ ಚೈತನ್ಯ ಎಂದಾದರೆ ಉಳಿಯುವುದು ಮೂತಿಯ ಮೇಲಿನ ಕುದುರೆಯ ಲಾಂಛನವೊಂದೇ. ಎಫ್355ರ ವಾಲ್ವ್ ಗೈಡ್ ಸವೆಯುತ್ತಿತ್ತು, ನಿಷ್ಕಾಸದ ಕೊಳವೆ ಬಿರುಕು ಬಿಡುತ್ತಿತ್ತು, ಟೈಮಿಂಗ್ ಬೆಲ್ಟ್ ಬದಲಿಸಲು ಇಡೀ ಎಂಜಿನ್ನನ್ನೇ ಹೊರಗೆ ಇಳಿಸಬೇಕಿತ್ತು. ಭಾನುವಾರ ಬೆಳಗಿನ ಡ್ರೈವ್ ಬಗ್ಗೆ ಬರೆದ ಲೇಖನಗಳಲ್ಲಿ ಇವು ಬರುವುದಿಲ್ಲ, ಗ್ಯಾರೇಜಿನ ಬಿಲ್ಲಿನಲ್ಲಿ ಬರುತ್ತವೆ.

ಸದ್ದನ್ನು ಕುರಿತ ಭಕ್ತಿಗೂ ಇದೇ ಗತಿ. ಫೆರಾರಿಯ ವಿ8ಗಳಲ್ಲಿ ಕ್ರ್ಯಾಂಕ್‌ನ ತೋಳುಗಳೆಲ್ಲ ಒಂದೇ ಸಮತಲದಲ್ಲಿವೆ. ಹಾಗಾಗಿ ಎರಡು ಸಾಲುಗಳ ಸಿಲಿಂಡರುಗಳು ಒಂದಾದ ಮೇಲೊಂದರಂತೆ ಸಿಡಿಯುತ್ತವೆ, ಎರಡೂ ಕೊಳವೆಗಳಲ್ಲಿ ಸಮ ಅಂತರದ ಬಡಿತಗಳು ಹೊರಡುತ್ತವೆ. 2009ರ 458 ಇಟಾಲಿಯಾ 9,000 ಸುತ್ತು ಮುಟ್ಟಿದಾಗ ಸೆಕೆಂಡಿಗೆ 600 ಸ್ಫೋಟ. ಕಿವಿಗೆ ಅದು ಗುಡುಗಾಗದೆ ಏರುಸ್ವರವಾಗುತ್ತದೆ. ಅಮೆರಿಕದ ಸಾಮಾನ್ಯ ವಿ8ಗಳ ತೋಳುಗಳು ಶಿಲುಬೆಯಾಕಾರದಲ್ಲಿರುವುದರಿಂದ ಬಡಿತ ಏರುಪೇರಾಗಿ ಗೊರಗೊರ ಸದ್ದು ಬರುತ್ತದೆ. ಫೋರ್ಡ್ 2015ರಲ್ಲಿ ಷೆಲ್ಬಿ ಜಿಟಿ350ಗೆ ಸಮತಲ ಕ್ರ್ಯಾಂಕ್ ಹಾಕಿದಾಗ ಮಸ್ಟ್ಯಾಂಗ್ ಕೂಡ ಕಿರುಚತೊಡಗಿತು. ಕ್ರ್ಯಾಂಕ್‌ನ ಜತೆಗೇ ಕಂಠವೂ ಡೆಟ್ರಾಯಿಟ್‌ಗೆ ಹೋಯಿತು.

ಇವೆಲ್ಲ ಹಳೆಯ ಕಾರುಗಳ ಮಾತಾಯಿತು. ಈ 20–25 ವರ್ಷಗಳಲ್ಲಿ ಪರಿಸ್ಥಿತಿ ಇನ್ನಷ್ಟು ವಿಚಿತ್ರವಾಗಿದೆ: ಅನುಭೂತಿಯನ್ನೇ ಲೆಕ್ಕಹಾಕಿ ತಯಾರಿಸಿ ಮಾರಲಾಗುತ್ತಿದೆ. ಫೆರಾರಿ 488 ಜಿಟಿಬಿಯ ಟರ್ಬೊ ಎಂಜಿನ್ ಕೆಳಸುತ್ತಿನಲ್ಲೇ ಪೂರ್ತಿ ತಿರುಚುಬಲ ಕೊಡಬಲ್ಲದು. ಕಂಪ್ಯೂಟರು ಕೊಡಗೊಡುವುದಿಲ್ಲ. 760 ನ್ಯೂಟನ್ ಮೀಟರ್ ಪೂರ್ಣವಾಗಿ ಸಿಗುವುದು ಏಳನೆಯ ಗೇರಿನಲ್ಲಿ ಮಾತ್ರ. ಕೆಳಗೇರುಗಳಲ್ಲಿ ಬಲವನ್ನು ತಡೆಹಿಡಿದು, ಸುತ್ತು ಏರಿದಂತೆ ಏರಿಸಿ, ಟರ್ಬೊ ಇಲ್ಲದ ಹಳೆಯ ಎಂಜಿನ್ನಿನ ನಡತೆಯನ್ನು ಅನುಕರಿಸುತ್ತಾರೆ. 458 ಸ್ಪೆಚಾಲೆಯಿಂದ ಬಂದ ಸೈಡ್ ಸ್ಲಿಪ್ ನಿಯಂತ್ರಣ, ಕಾರಿನ ಹಿಂಭಾಗ ಎಷ್ಟು ಕೋನದಲ್ಲಿ ಜಾರುತ್ತಿದೆಯೆಂದು ಕ್ಷಣಕ್ಷಣಕ್ಕೂ ಎಣಿಸಿ, ಡಿಫರೆನ್ಷಿಯಲ್ ಮತ್ತು ಎಂಜಿನ್ನಿನ ಬಲವನ್ನು ತಿದ್ದುತ್ತದೆ. ಸಾಧಾರಣ ಚಾಲಕ ತಿರುವಿನಲ್ಲಿ ಹಿಂಭಾಗವನ್ನು ಚೆಂದವಾಗಿ ಜಾರಿಸಿ, ಕಾರು ತನ್ನೊಂದಿಗೆ ಸಂವಾದಿಸಿತು ಎಂದು ಬರೆಯುತ್ತಾನೆ. ಸಂವಾದ ನಡೆದದ್ದು ಸಂವೇದಕಕ್ಕೂ ಪ್ರೊಸೆಸರಿಗೂ. 296 ಜಿಟಿಬಿಯಲ್ಲಿ ನಿಷ್ಕಾಸದ ಸದ್ದನ್ನು ಶುದ್ಧೀಕರಣ ಘಟಕಕ್ಕಿಂತ ಮೊದಲೇ ಹಿಡಿದು ಕ್ಯಾಬಿನ್ನಿಗೆ ತರಲು ಬೇರೆ ನಳಿಕೆಯೇ ಇದೆ. 2025ರ ಅಕ್ಟೋಬರಿನಲ್ಲಿ ಫೆರಾರಿ ತನ್ನ ಮೊದಲ ಪೂರ್ಣ ವಿದ್ಯುತ್ ಕಾರಿನ ತಾಂತ್ರಿಕ ವಿವರ ಪ್ರಕಟಿಸಿದಾಗ ಅದರಲ್ಲಿ, ಚಾಲನಾ ಭಾಗಗಳ ಕಂಪನವನ್ನು ಸಂವೇದಕದಿಂದ ಹಿಡಿದು ಎಲೆಕ್ಟ್ರಿಕ್ ಗಿಟಾರಿನ ಹಾಗೆ ವರ್ಧಿಸುವ ವ್ಯವಸ್ಥೆಯೂ ಇತ್ತು.

ಲ್ಯಾಂಬೋರ್ಗಿನಿಯ ಉದಾಹರಣೆ ಇನ್ನೂ ನೇರವಾದದ್ದು. 2011ರ ಅವೆಂಟಡೋರ್‌ಗೆ ಎರಡು ಕ್ಲಚ್ಚಿನ ನಯವಾದ ಗೇರುಪೆಟ್ಟಿಗೆ ಬಿಟ್ಟು ಒಂದೇ ಕ್ಲಚ್ಚಿನದನ್ನು ಹಾಕಿದರು. ಹಗುರ, ಕಡಿಮೆ ಜಾಗ ಎಂಬ ಕಾರಣಗಳ ಜೊತೆಗೆ, ಗೇರು ಬೀಳುವಾಗಿನ ಭಾವೋದ್ರೇಕವನ್ನೂ ಕಂಪನಿ ಗುಣವಾಗಿಯೇ ಪ್ರಚಾರ ಮಾಡಿತು. ಕೋರ್ಸಾ ಎಂಬ ರೇಸ್ ಕ್ರಮದಲ್ಲಿ ಪ್ರತಿ ಗೇರಿಗೂ ಕುತ್ತಿಗೆಗೆ ಒಂದು ಗುದ್ದು. ಊರೊಳಗೆ ನಿಧಾನವಾಗಿ ಹೋದರೆ ಕಾರು ತಲೆದೂಗುತ್ತ ಸಾಗುತ್ತಿತ್ತು. ಈ ಗುದ್ದಿಗೂ ಆತ್ಮದ ಪಟ್ಟ ಸಿಕ್ಕಿತು. 2023ರ ರೆವುಯೆಲ್ಟೊದಲ್ಲಿ ಕಂಪನಿ ಅದನ್ನು ಸದ್ದಿಲ್ಲದೆ ಬಿಟ್ಟು, ಎಂಟು ಗೇರಿನ ಎರಡು ಕ್ಲಚ್ಚಿನ ಪೆಟ್ಟಿಗೆಯನ್ನು ಎಂಜಿನ್ನಿನ ಹಿಂದೆ ಕೂರಿಸಿತು. ಸ್ತಾನ್ಜಾನಿಯ ಕಾಲದಿಂದ ಗೇರುಪೆಟ್ಟಿಗೆ ಇದ್ದ ಜಾಗಕ್ಕೆ ಬ್ಯಾಟರಿ ಬಂತು. ಆಡಿ ಬಂದು ಎಲ್ಲ ಹಾಳಾಯಿತೆಂಬ ಶೋಕಕ್ಕೆ ಗಿರಾಕಿಗಳು ಕೊಟ್ಟ ಉತ್ತರವೂ ದಾಖಲೆಯಲ್ಲಿದೆ. ಆಡಿ ಕಾಲದ ಗಯಾರ್ಡೊ 2003ರಿಂದ 2013ರವರೆಗೆ 14,022 ಮಾರಾಟವಾಯಿತು, ಅದಕ್ಕಿಂತ ಹಿಂದೆ ಲ್ಯಾಂಬೋರ್ಗಿನಿ ಮಾಡಿದ ಎಲ್ಲ ಕಾರುಗಳನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ.

ಇನ್ನು ಸಾಕ್ಷಿಗಳು ನುಡಿದ ಸಂದರ್ಭ. ಹೊಸ ಫೆರಾರಿಯ ಮೊದಲ ವರದಿಗಳಲ್ಲಿ ಬಹಳಷ್ಟು ಬರುವುದು ಕಂಪನಿಯ ಅತಿಥಿಗಳಾಗಿ ಮರನೆಲ್ಲೊಗೆ ಹೋಗಿ, ಕಂಪನಿಯದೇ ಫಿಯೊರಾನೊ ಟ್ರ್ಯಾಕಿನಲ್ಲಿ, ಕಂಪನಿಯ ತಂತ್ರಜ್ಞರು ಸಿದ್ಧಪಡಿಸಿದ ಕಾರನ್ನು ಓಡಿಸಿದವರಿಂದ. 2011ರಲ್ಲಿ ಬ್ರಿಟಿಷ್ ಪತ್ರಕರ್ತ ಕ್ರಿಸ್ ಹ್ಯಾರಿಸ್, ಪತ್ರಿಕಾ ಪರೀಕ್ಷೆಗೆ ಕೊಡುವ ಕಾರುಗಳನ್ನು ಫೆರಾರಿ ವಿಶೇಷವಾಗಿ ಹದಗೊಳಿಸುತ್ತದೆ ಎಂದು ಬಹಿರಂಗವಾಗಿ ಆರೋಪಿಸಿದರು, ಆಮೇಲೆ ಕೆಲಕಾಲ ಅವರಿಗೆ ಫೆರಾರಿ ಕಾರು ಸಿಗಲಿಲ್ಲ. ಮಾಲೀಕರ ಸಾಕ್ಷ್ಯಕ್ಕೆ ಬೇರೆ ತೊಡಕಿದೆ: ಕೊಟ್ಟ ಬೆಲೆ ಸಮರ್ಥನೆ ಕೇಳುತ್ತದೆ, ಮುಂದೆ ಮಾರಬೇಕಾದ ಕಾರಿನ ಕೀರ್ತಿ ಮಾಲೀಕನ ಆಸ್ತಿ. ಮೂರನೆಯವರು, ಮರನೆಲ್ಲೊದ ಮ್ಯೂಸಿಯಮ್ಮಿನ ಹೊರಗೆ ನಿಮಿಷದ ಲೆಕ್ಕದಲ್ಲಿ ಬಾಡಿಗೆಗೆ ಫೆರಾರಿ ಹತ್ತುವ ಪ್ರವಾಸಿಗರು. ಪಕ್ಕದಲ್ಲಿ ಮಾರ್ಗದರ್ಶಿ, ಎದುರಿಗೆ ಊರ ಬೀದಿ, ಕೈಯಲ್ಲಿ ಬಾಲ್ಯದ ಕನಸು. ಅವರಿಗೆ ನಿರಾಸೆಯಾದರೆ ಅದೇ ಆಶ್ಚರ್ಯ.

ಇಟಲಿಯ ಇನ್ನೊಂದು ಪ್ರಸಿದ್ಧ ವಸ್ತುವಿಗೆ ಸಂಬಂಧಿಸಿ ಇಂಥ ಸಾಕ್ಷ್ಯವನ್ನು ನಿಜವಾಗಿ ಪರೀಕ್ಷಿಸಿದ್ದಾರೆ. ಮೊಡೆನಾದಿಂದ ಹೆಚ್ಚು ದೂರವಿಲ್ಲದ ಕ್ರೆಮೋನಾದಲ್ಲಿ ಸ್ತ್ರಾದಿವಾರಿ ಮಾಡಿದ ಪಿಟೀಲುಗಳ ದನಿ ಬೇರೆ ಯಾವುದಕ್ಕೂ ಇಲ್ಲವೆಂದು, ನುಡಿಸುವವನಿಗೆ ಅದು ಕೈಗೆತ್ತಿಕೊಂಡ ಕ್ಷಣವೇ ತಿಳಿಯುತ್ತದೆಂದು ನಂಬಿಕೆಯಿತ್ತು. ಕ್ಲೌಡಿಯಾ ಫ್ರಿಟ್ಸ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 10 ಮಂದಿ ಹೆಸರಾಂತ ವಾದಕರು ಕಪ್ಪು ಕನ್ನಡಕ ಹಾಕಿಕೊಂಡು 12 ಪಿಟೀಲುಗಳನ್ನು ನುಡಿಸಿದರು. ಅರ್ಧ ಹಳೆಯವು, ಅರ್ಧ ಹೊಸವು. ಹೆಚ್ಚಿನವರು ಮೆಚ್ಚಿದ್ದು ಹೊಸದನ್ನು, ಯಾವುದು ಹಳೆಯದೆಂದು ಹೇಳುವುದರಲ್ಲಿ ಅವರ ಊಹೆ ನಾಣ್ಯ ಚಿಮ್ಮುವುದಕ್ಕಿಂತ ಮೇಲಾಗಲಿಲ್ಲ. ಕಾರನ್ನು ಕಣ್ಣುಕಟ್ಟಿ ಓಡಿಸಲಾಗದು. ಹಾಗಾಗಿ ಸೂಪರ್‌ಕಾರಿನ ಆತ್ಮ ಈ ಪರೀಕ್ಷೆಯಿಂದ ತಪ್ಪಿಸಿಕೊಂಡಿದೆ, ಅದರಲ್ಲಿ ತೇರ್ಗಡೆಯಾಗಿಲ್ಲ.

ಬೆಂಗಳೂರಿನಲ್ಲೂ ಈ ಮತಕ್ಕೆ ಒಕ್ಕಲಿದೆ. 2025ರ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿಯಲ್ಲಿ ಇಲ್ಲಿ ಓಡಾಡುತ್ತಿದ್ದ ಫೆರಾರಿ ಎಸ್‌ಎಫ್90 ಕಾರಿನ ಮಾಲೀಕರಿಂದ ಸಾರಿಗೆ ಇಲಾಖೆ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡಾಗ ಊರಿಗೆಲ್ಲ ಆ ಕಾರಿನ ಪರಿಚಯವಾಯಿತು. 1,000 ಅಶ್ವಶಕ್ತಿಯ ಈ ಹೈಬ್ರಿಡ್ ಕಾರಿಗೆ ಹಿಮ್ಮುಖದ ಗೇರೇ ಇಲ್ಲ, ಹಿಂದಕ್ಕೆ ಚಲಿಸುವುದು ವಿದ್ಯುತ್ ಮೋಟಾರಿನಿಂದ. ಮನಸ್ಸು ಮಾಡಿದರೆ ಸುಮಾರು 25 ಕಿ.ಮೀ. ದೂರ ಪೆಟ್ರೋಲ್ ಎಂಜಿನ್ ಹಚ್ಚದೆ, ಸದ್ದಿಲ್ಲದೆ ಹೋಗಬಲ್ಲದು. ಸಂಜೆಯ ಟ್ರಾಫಿಕ್ಕಿಗೆ ಅದಕ್ಕಿಂತ ಹಿತವಾದ ಗುಣ ಇನ್ನೊಂದಿಲ್ಲ. ಇಂಥ ಕಾರನ್ನು ಈ ನಗರದಲ್ಲಿ ಓಡಿಸಿದವರು ಪ್ರಾಮಾಣಿಕವಾಗಿ ಬರೆದರೆ ಹಂಪ್‌ಗಳ ಬಗ್ಗೆ, ನೆಲ ತಾಗುವ ಮೂತಿಯ ಬಗ್ಗೆ, ಮೂರನೆಯ ಗೇರಿನ ಆಚೆಗೆ ಹೋಗದ ದಾರಿಗಳ ಬಗ್ಗೆ ಬರೆಯಬೇಕಾಗುತ್ತದೆ. ಬರುತ್ತಿರುವುದು ಸದ್ದಿನ ವರ್ಣನೆ, ಅದೂ ಹೆಚ್ಚಾಗಿ ನಿಂತ ಕಾರಿನದು.

ಓಡಿಸಿದವರ ಮಾತಿಗೆ ಬೆಲೆಯೇ ಇಲ್ಲವೆಂದಲ್ಲ. ಬಾಬ್ ವಾಲೇಸ್ ಮಾಡುತ್ತಿದ್ದುದೂ ಅದನ್ನೇ: ಓಡಿಸಿ, ತೋಚಿದ್ದನ್ನು ಹೇಳುವುದು. ಆದರೆ ಆತ ಹೇಳುತ್ತಿದ್ದುದು ಯಾವ ವೇಗದಲ್ಲಿ, ಯಾವ ತಿರುವಿನಲ್ಲಿ, ಯಾವ ಭಾಗ ಏನು ಮಾಡಿತೆಂದು. ಆ ಮಾತನ್ನು ಹಿಡಿದು ಮಾರನೆಯ ದಿನ ಕಾರ್ಖಾನೆಯಲ್ಲಿ ಒಂದು ಭಾಗವನ್ನು ಬದಲಿಸಬಹುದಿತ್ತು. ಆತ್ಮವಿದೆ ಎಂಬ ಮಾತಿನಿಂದ ಯಾವ ಬೋಲ್ಟೂ ತಿರುಗದು. ಕಾರು ಯಾರದು, ಎಷ್ಟು ಹೊತ್ತು, ಯಾವ ರಸ್ತೆಯಲ್ಲಿ, ಕ್ಯಾಬಿನ್ನಿನ ಬಿಸಿ ಎಷ್ಟು, ಬ್ರೇಕು ಎಷ್ಟನೆಯ ಸಲ ಸೋತಿತು ಎಂಬ ವಿವರ ಬೇಕು. ಎಲ್ಲಕ್ಕಿಂತ ಮೊದಲು ಟೈರು. 1987ರಿಂದ 1992ರವರೆಗೆ ತಯಾರಾದ 1,300ಕ್ಕೂ ಮಿಕ್ಕ ಎಫ್40ಗಳಲ್ಲಿ ಎಷ್ಟೋ ಕಾರುಗಳು ವರ್ಷಕ್ಕೆ ಕೆಲವೇ ಕಿಲೋಮೀಟರ್ ಓಡುತ್ತವೆ; ಪಟ್ಟೆ ಸವೆಯದಿದ್ದರೂ ರಬ್ಬರು ವಯಸ್ಸಾಗಿ ಗಟ್ಟಿಯಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಹಾಗೆ ಗಟ್ಟಿಯಾದ ಟೈರಿನ ಮೇಲೆ ಟರ್ಬೊ ಒದ್ದಾಗ ಹಿಂಭಾಗ ಕಿತ್ತುಕೊಂಡು ಹೋಗುವುದು ರಬ್ಬರಿನ ದೋಷ. ವರದಿಯಲ್ಲಿ ಅದು ಎಫ್40ರ ಉಗ್ರ ಸ್ವಭಾವವಾಗುತ್ತದೆ. ಟೈರಿನ ಪಕ್ಕೆಯ ಮೇಲೆ ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಯಲ್ಲಿ ಅಚ್ಚೊತ್ತಿರುತ್ತಾರೆ. ಕಾರು ಹತ್ತುವ ಮುನ್ನ ಬಗ್ಗಿ ಓದಿದರೆ ಆಯಿತು.